ಮಡೋನ್ನಾ ಮುಖ ಯಾಕೆ ಹಸಿರಾಗಿದೆ? ‘ಗ್ರೀಕ್ ರೀತಿ’ ಅಂದ್ರೆ ನಿಜಕ್ಕೂ ಏನು?

ಹಾದಿಹೋಕ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನೀಗ ಫ್ಲಾರೆನ್ಸ್‌ನಲ್ಲಿದ್ದೇನೆ. ಇನ್ನು ನಾಲ್ಕು ದಿನ ಇಟಲಿಯಲ್ಲಿರುತ್ತೇನೆ. ನಿನ್ನೆ ಉಫಿಜಿ ಮ್ಯೂಸಿಯಂಗೆ ಹೋಗಿದ್ದೆ. ಶುರುವಿನಲ್ಲೇ ಸಿಗುವ ಒಂದು ಕೋಣೆಯಿಂದ ಹೊರಗೆ ಬರೋಕೇ ಆಗಲಿಲ್ಲ. ಅಲ್ಲಿ ಮೂರು ದೊಡ್ಡ ಹಲಗೆ ಚಿತ್ರಗಳಿವೆ. ಮೂರರಲ್ಲೂ ಸಿಂಹಾಸನದ ಮೇಲೆ ಮೇರಿ (ಇಲ್ಲಿ ಅವಳನ್ನು ಮಡೋನ್ನಾ ಅನ್ನುತ್ತಾರೆ), ಅವಳ ತೊಡೆಯ ಮೇಲೆ ಮಗು ಯೇಸು, ಸುತ್ತ ದೇವದೂತರು, ಹಿಂದೆ ಬರೀ ಬಂಗಾರ. ಒಂದು ಚಿಮಾಬೂಯೆ ಬರೆದದ್ದು, ಒಂದು ದೂಚೊ, ಇನ್ನೊಂದು ಜಿಯೊಟ್ಟೊ.

ಪಕ್ಕದಲ್ಲಿ ಒಂದು ಗುಂಪಿಗೆ ಗೈಡ್ ವಿವರಿಸುತ್ತಿದ್ದರು. ಚಿಮಾಬೂಯೆಯದು ಹಳೆಯ ‘ಗ್ರೀಕ್ ರೀತಿ’, ಅಂದರೆ ಬೈಜಾಂಟಿಯಂನಿಂದ (ಇವತ್ತಿನ ಇಸ್ತಾಂಬುಲ್ ಆಗಿರುವ ಕಾನ್‌ಸ್ಟಾಂಟಿನೋಪಲ್ ರಾಜಧಾನಿಯಾಗಿದ್ದ ಪೂರ್ವದ ಗ್ರೀಕ್ ಸಾಮ್ರಾಜ್ಯದಿಂದ) ಬಂದ ಶೈಲಿ, ಬಿಗಿಯಾಗಿದೆ, ಜೀವ ಇಲ್ಲ, ಜಿಯೊಟ್ಟೊ ಬಂದು ಜೀವ ತುಂಬಿದ ಅಂದರು. ಗುಂಪು ತಲೆಯಾಡಿಸಿ ಮುಂದೆ ಹೋಯಿತು. ಆದರೆ ನಾನು ಅರ್ಧ ಗಂಟೆ ನಿಂತಿದ್ದು ಆ ‘ಜೀವ ಇಲ್ಲದ’ ಚಿತ್ರದ ಮುಂದೆಯೇ. ಆ ಮೇರಿ ನನ್ನನ್ನೇ ನೋಡುತ್ತಿದ್ದಾಳೆ ಅನ್ನಿಸಿತು.

ನಾನು ಚಿತ್ರಕಲೆ ಓದಿದವನಲ್ಲ. ಈ ಕಾಲದ ಮೇರಿಯರ ಮುಖದಲ್ಲಿ ಅಲ್ಲಲ್ಲಿ ಹಸಿರು ಕಾಣುತ್ತದಲ್ಲ, ಅದು ಬೇಕಂತ ಹಚ್ಚಿದ್ದಾ, ಹಾಳಾಗಿದ್ದಾ? ಬಟ್ಟೆಯ ಮೇಲೆ ಜೇಡರ ಬಲೆಯ ಹಾಗೆ ಬಂಗಾರದ ಗೆರೆ ಯಾಕೆ? ಕಾನ್‌ಸ್ಟಾಂಟಿನೋಪಲ್‌ನ ರೀತಿ ಇಷ್ಟು ದೂರ ಬಂದದ್ದು ಹೇಗೆ? ಗೊತ್ತಿರುವವರು ಹೇಳಿ, ದಯವಿಟ್ಟು.

ಬಂಗಾರದ ರೇಕು

ಹಾದಿಹೋಕ ಅವರೇ, ನಿಮ್ಮ ಪ್ರಶ್ನೆ ಓದಿ ನಿಜಕ್ಕೂ ಖುಷಿಯಾಯಿತು. ಆ ಕೋಣೆಯಲ್ಲಿ ನಾನು ಕಳೆದಿರುವ ಗಂಟೆಗಳಿಗೆ ಲೆಕ್ಕವಿಲ್ಲ. ಕೆಲವು ವರ್ಷಗಳ ಹಿಂದೆ ಫ್ಲಾರೆನ್ಸ್‌ನ ಒಂದು ಚಿಕ್ಕ ಕಾರ್ಯಾಗಾರದಲ್ಲಿ ಮೂರು ತಿಂಗಳು ಕೂತು ಹಲಗೆ ಚಿತ್ರ ಮಾಡೋದು ಕಲಿತೆ. ಮೇರಿಯ ಮುಖದ ಒಂದೇ ಒಂದು ನಕಲು ಮಾಡಿದೆ, ಅಂಗೈ ಎರಡರಷ್ಟು ಹಲಗೆಯ ಮೇಲೆ. ಹಾಗಾಗಿ ಕೈಯಿಂದ ಗೊತ್ತಾದದ್ದನ್ನು ಹೇಳುತ್ತೇನೆ.

ಹಸಿರು ಬೇಕಂತ ಹಚ್ಚಿದ್ದು. ಹಾಳಾಗಿದ್ದೂ ಹೌದು. ಎರಡೂ ನಿಜ.

ಮುಖ ಬರೆಯುವ ಮೊದಲು ಆ ಜಾಗಕ್ಕೆಲ್ಲ ಹಸಿರು ಮಣ್ಣಿನ ಬಣ್ಣ ಬಳಿಯುತ್ತಾರೆ. ಮಣ್ಣಿನ ಪುಡಿಯನ್ನು ಮೊಟ್ಟೆಯ ಹಳದಿಯಲ್ಲಿ ಕಲೆಸಿದ ಬಣ್ಣ ಅದು. ಅದರ ಮೇಲೆ ಗುಲಾಬಿ, ಆಮೇಲೆ ಬಿಳಿ, ತೆಳುವಾಗಿ, ಕೂದಲೆಳೆಯಂಥ ಗೆರೆಗಳಲ್ಲಿ. ನೆರಳು ಬೇಕಾದ ಕಡೆ, ಅಂದರೆ ಗಲ್ಲದ ಕೆಳಗೆ, ಮೂಗಿನ ಪಕ್ಕ, ಕಣ್ಣಿನ ಗುಳಿಯಲ್ಲಿ, ಮೇಲೆ ಏನೂ ಹಚ್ಚದೆ ಹಸಿರನ್ನೇ ಉಳಿಸುತ್ತಾರೆ. ಗುಲಾಬಿಯ ಪಕ್ಕದಲ್ಲಿ ಆ ಹಸಿರು ಕೂತಾಗ ಚರ್ಮ ಬೆಚ್ಚಗಾಗುತ್ತದೆ. ಮೊದಲ ದಿನ ನನ್ನ ಹಲಗೆಯ ಮೇಲೆ ಇದ್ದದ್ದು ಹೆಣದ ಬಣ್ಣದ ಮುಖ. ಮೂರನೇ ದಿನ ಕೆನ್ನೆಗೆ ಗುಲಾಬಿ ಎಳೆಯುತ್ತಾ ಹೋದೆ. ಒಂದು ಹೊತ್ತಿಗೆ ಕುಂಚ ಕೆಳಗಿಟ್ಟೆ. ಅವಳು ಉಸಿರಾಡುತ್ತಿದ್ದ ಹಾಗೆ ಕಂಡಿತು.

ಏಳುನೂರು ವರ್ಷದಲ್ಲಿ ಮೇಲಿನ ಬಣ್ಣ ಸವೆದಿದೆ, ಪಾರದರ್ಶಕವಾಗಿದೆ. ಹಿಂದಿನವರು ಸ್ವಚ್ಛ ಮಾಡುವಾಗ ಉಜ್ಜಿ ತೆಗೆದದ್ದೂ ಇದೆ. ಅದಕ್ಕೇ ಕೆಳಗಿನ ಹಸಿರು ಜಾಸ್ತಿ ಕಾಣುತ್ತದೆ.

ಇದು ಬೈಜಾಂಟಿಯಂನ ಪಾಠ. ಅಲ್ಲಿಯ ಚಿತ್ರಕಾರರು ಕಡು ಆಲಿವ್ ಹಸಿರಿನಿಂದ ಶುರು ಮಾಡಿ ಮೆಟ್ಟಿಲು ಹತ್ತಿದ ಹಾಗೆ ಬೆಳಕಿನ ಕಡೆ ಬರುತ್ತಿದ್ದರು. ಕತ್ತಲಿಂದ ಮುಖ ಎದ್ದು ಬರಬೇಕು. ಇಟಲಿಯವರು ಆ ಹಸಿರನ್ನು ತಿಳಿ ಮಾಡಿಕೊಂಡರು, ಆದರೆ ಬಿಡಲಿಲ್ಲ.

ಎಷ್ಟು ಕಾಲ ಬಿಡಲಿಲ್ಲ ಅಂದರೆ, 1400ರ ಆಸುಪಾಸಿನಲ್ಲಿ ಚೆನ್ನೀನೊ ಚೆನ್ನೀನಿ ಅನ್ನುವ ಚಿತ್ರಕಾರ ಈ ಕಸುಬಿನ ಬಗ್ಗೆ ಒಂದು ಕೈಪಿಡಿ ಬರೆದ. ಅವನು ಆಞೊಲೊ ಗದ್ದಿಯ ಬಳಿ ಹನ್ನೆರಡು ವರ್ಷ ಕಲಿತವನು. ಆಞೊಲೊ ಕಲಿತದ್ದು ಅಪ್ಪ ತದ್ದೆಯೊನಿಂದ. ತದ್ದೆಯೊ ಜಿಯೊಟ್ಟೊನ ಶಿಷ್ಯ, ಇಪ್ಪತ್ತನಾಲ್ಕು ವರ್ಷ. ಅಂದರೆ ಚೆನ್ನೀನಿ ನೇರ ಜಿಯೊಟ್ಟೊ ಗುರುಪರಂಪರೆಯವನು. ಅವನು ಮುಖಕ್ಕೆ ಮೊದಲು ಹಸಿರು ಹಚ್ಚಿ, ಮೇಲೆ ಮೈಬಣ್ಣ ಎಷ್ಟೇ ಹಚ್ಚಿದರೂ ಆ ಹಸಿರು ಸ್ವಲ್ಪ ಕಾಣುವ ಹಾಗೆ ಬಿಡಿ ಅನ್ನುತ್ತಾನೆ. ಜಿಯೊಟ್ಟೊ ಗ್ರೀಕ್ ರೀತಿಯನ್ನು ಆಚೆ ಎಸೆದ ಅನ್ನುವವರಿಗೆ ನಾನು ತೋರಿಸುವುದು ಇದನ್ನೇ.

ಇನ್ನು ಬಂಗಾರದ ಗೆರೆ. ಚಿಮಾಬೂಯೆಯ ಮೇರಿಯ ಸೆರಗು ಮಂಡಿಯ ಮೇಲೆ ಬೀಳುವ ಕಡೆ ನೋಡಿ. ಮಡಿಕೆ ಎಲ್ಲೆಲ್ಲಿ ಬೆಳಕಿಗೆ ಬರುತ್ತದೋ ಅಲ್ಲೆಲ್ಲ ಗೆರೆ ಇದೆ. ಅದು ಬೆಳಕಿನ ಗುರುತು. ಕಿಟಕಿಯಿಂದ ಬರುವ ಬೆಳಕಲ್ಲ, ದೇವರ ಬೆಳಕು, ಎಲ್ಲ ಕಡೆಯಿಂದ ಬರುವಂಥದ್ದು. ಇಂಥ ಗೆರೆಗೆ ಮೊದಲು ಅಂಟಿನಲ್ಲಿ ಗೆರೆ ಎಳೆದು, ಅದು ಇನ್ನೂ ಅಂಟಂಟಾಗಿರುವಾಗ ರೇಕು, ಅಂದರೆ ಬಂಗಾರದ ತೆಳು ಹಾಳೆ, ಇಟ್ಟು, ಒಣಗಿದ ಮೇಲೆ ಉಳಿದದ್ದನ್ನು ಮೆಲ್ಲಗೆ ಒರೆಸುತ್ತಾರೆ. ಬೆಳ್ಳುಳ್ಳಿ ರಸದಿಂದ ಆ ಅಂಟು ಮಾಡುವುದನ್ನೂ ಚೆನ್ನೀನಿ ಬರೆದಿದ್ದಾನೆ. ನಾನು ಹಾಗೆ ಒಂದೇ ಒಂದು ಮಡಿಕೆ ಮಾಡಿದೆ. ಇಡೀ ಮಧ್ಯಾಹ್ನ ಹೋಯಿತು.

ಜಿಯೊಟ್ಟೊ ಮೇರಿಯ ಬಟ್ಟೆಯಲ್ಲಿ ಆ ಗೆರೆಗಳಿಲ್ಲ. ಅವನಿಗೆ ಮಂಡಿ ಮಂಡಿಯ ಹಾಗೆ ಕಾಣಬೇಕಿತ್ತು.

ಚರಿತ್ರೆಪ್ರಿಯ

ಹೇಗೆ ಬಂತು ಅನ್ನೋದಕ್ಕೆ ನಾನು ಸ್ವಲ್ಪ ಸೇರಿಸುತ್ತೇನೆ. ಒಂದೇ ದಾರಿ ಇರಲಿಲ್ಲ. ರೋಮ್‌ನಲ್ಲಿ ಐಕಾನ್‌ಗಳು, ಅಂದರೆ ಪೂಜೆಗೆ ಇಡುವ ಗ್ರೀಕ್ ರೀತಿಯ ಹಲಗೆ ಚಿತ್ರಗಳು, ಮೊದಲಿಂದಲೂ ಇದ್ದವು. ಸಿಸಿಲಿಯಲ್ಲಿ 12ನೇ ಶತಮಾನದ ನಾರ್ಮನ್ ರಾಜರು ಗ್ರೀಕ್ ಕೆಲಸಗಾರರನ್ನು ಕರೆಸಿ ಚೆಫಲೂ, ಪಲೆರ್ಮೊ ಕಡೆ ಮೊಸಾಯಿಕ್ (ಪುಟ್ಟ ಬಣ್ಣದ ಚೂರುಗಳನ್ನು ಜೋಡಿಸಿದ ಗೋಡೆ ಚಿತ್ರ) ಮಾಡಿಸಿದರು. ಪೀಸಾ, ವೆನಿಸ್ ಹಡಗುಗಳು ಕಾನ್‌ಸ್ಟಾಂಟಿನೋಪಲ್‌ಗೆ ಹೋಗಿ ಬರುತ್ತಲೇ ಇದ್ದವು.

ದೊಡ್ಡ ತಿರುವು ಬಂದದ್ದು 1204ರಲ್ಲಿ. ನಾಲ್ಕನೇ ಕ್ರುಸೇಡ್‌ನವರು, ಅಂದರೆ ಧರ್ಮಯುದ್ಧಕ್ಕೆ ಹೊರಟ ಪಶ್ಚಿಮದ ಕ್ರೈಸ್ತ ಸೈನಿಕರು, ಜೆರುಸಲೇಮ್ ಕಡೆ ಹೋಗುವುದು ಬಿಟ್ಟು ಕಾನ್‌ಸ್ಟಾಂಟಿನೋಪಲ್‌ಗೆ ನುಗ್ಗಿ ಲೂಟಿ ಮಾಡಿದರು. 1261ರವರೆಗೆ ನಗರ ಪಶ್ಚಿಮದವರ ಕೈಯಲ್ಲಿತ್ತು. ಐಕಾನ್‌ಗಳು, ಪವಿತ್ರ ವಸ್ತುಗಳು, ಬೆಳ್ಳಿ ಬಂಗಾರ ಎಲ್ಲ ಪಶ್ಚಿಮಕ್ಕೆ ಹರಿದವು. ಅದು ಕ್ರೂರವಾದ ಕೆಲಸ. ಇಟಲಿಯ ಈ ಚಿತ್ರಗಳನ್ನು ಪ್ರೀತಿಸುವವರು ಅದನ್ನು ಮರೆಯಬಾರದು ಅಂತ ನನ್ನ ಅನಿಸಿಕೆ.

ಇನ್ನೊಂದು ಕೊಂಡಿ ಫ್ರಾನ್ಸಿಸ್ಕನ್ ಸನ್ಯಾಸಿಗಳು, ಇಟಲಿಯ ಸಂತ ಫ್ರಾನ್ಸಿಸ್‌ನ ಅನುಯಾಯಿಗಳು. ಅವರು ಆ ಕಾಲದ ಕಾನ್‌ಸ್ಟಾಂಟಿನೋಪಲ್‌ನಲ್ಲೂ ಇದ್ದರು. ಇವತ್ತಿನ ಇಸ್ತಾಂಬುಲ್‌ನ ಕಲೆಂದರ್‌ಹಾನೆ ಮಸೀದಿ ಹಿಂದೆ ಚರ್ಚ್ ಆಗಿತ್ತು. ಅಲ್ಲಿ ಸಂತ ಫ್ರಾನ್ಸಿಸ್‌ನ ಜೀವನದ ಭಿತ್ತಿಚಿತ್ರದ ತುಣುಕುಗಳು ಸಿಕ್ಕಿವೆ, 1261ಕ್ಕಿಂತ ಮೊದಲಿನವು. ಇಟಲಿಯ ಸಂತ, ಗ್ರೀಕ್ ನಗರದ ಗೋಡೆಯ ಮೇಲೆ! ಈ ಕಡೆ ಪೆಶ್ಯಾ ಊರಿನಲ್ಲಿ ಬೊನವೆಂತೂರ ಬೆರ್ಲಿಂಗಿಯೇರಿ 1235ರಲ್ಲಿ ಮಾಡಿದ ಫ್ರಾನ್ಸಿಸ್ ಹಲಗೆ ಇದೆ. ನಡುವೆ ನಿಂತ ಸಂತ, ಎರಡೂ ಪಕ್ಕ ಅವನ ಬಾಳಿನ ಕತೆಗಳು, ಆರು. ಸಿನಾಯ್‌ನ ಸಂತ ಕ್ಯಾಥರೀನ್ ಮಠದ ಐಕಾನ್‌ಗಳಲ್ಲೂ ಇದೇ ಏರ್ಪಾಡು ಕಾಣುತ್ತದೆ. ಫ್ರಾನ್ಸಿಸ್ ತೀರಿಕೊಂಡು ಆಗ ಬರೀ ಒಂಬತ್ತು ವರ್ಷ. ಹೊಸ ಸಂತನನ್ನು ಜನ ನಂಬಬೇಕಿದ್ದರೆ ಹಳೆಯ ಸಂತರ ಚೌಕಟ್ಟಿನಲ್ಲೇ ತೋರಿಸಬೇಕಾಯಿತು.

ಯೇಸುವಿನ ಚಿತ್ರ ಬರೆದ ಶಿಲುಬೆಗಳನ್ನೂ ನೋಡಿ. ಸರ್ಜಾನಾದಲ್ಲಿರುವ 1138ರ ಶಿಲುಬೆಯಲ್ಲಿ ಯೇಸು ಕಣ್ಣು ತೆರೆದು ನೆಟ್ಟಗೆ ನಿಂತಿದ್ದಾನೆ, ಸಾವನ್ನು ಗೆದ್ದವನು. ಬೊಲೊನ್ಯಾದ ಸಾನ್ ದೊಮೆನಿಕೊ ಚರ್ಚಿನಲ್ಲಿ ಜುಂತಾ ಪಿಸಾನೊ 13ನೇ ಶತಮಾನದ ನಡುವೆ ಮಾಡಿದ ಶಿಲುಬೆಯಲ್ಲಿ ಕಣ್ಣು ಮುಚ್ಚಿದೆ, ತಲೆ ಜೋತಿದೆ, ಮೈ ಬಿಲ್ಲಿನ ಹಾಗೆ ಬಾಗಿದೆ. ಸತ್ತ ಯೇಸುವನ್ನು ಮೊದಲು ತೋರಿಸಿದವರು ಗ್ರೀಕರು. 1054ರಲ್ಲಿ ರೋಮ್ ಚರ್ಚಿಗೂ ಗ್ರೀಕ್ ಚರ್ಚಿಗೂ ಆದ ಜಗಳದಲ್ಲಿ ರೋಮ್‌ನ ಕಾರ್ಡಿನಲ್ ಹಂಬರ್ಟ್ ಅದನ್ನೇ ಅವರ ತಪ್ಪು ಅಂತ ಎತ್ತಿ ತೋರಿಸಿದ್ದ. ಎರಡು ಶತಮಾನ ಕಳೆಯುವಷ್ಟರಲ್ಲಿ ಅದೇ ರೂಪದ ಮುಂದೆ ಇಟಲಿಯ ಜನ ಮಂಡಿಯೂರಿ ಅಳುತ್ತಿದ್ದರು. ನೋವನ್ನು ತೋರಿಸುವುದು ಕೂಡ ಗ್ರೀಕರಿಂದ ಬಂದದ್ದೇ. ‘ಜೀವ ಇಲ್ಲ’ ಅನ್ನುವ ಮಾತು ಇಲ್ಲಿ ನಿಲ್ಲುವುದಿಲ್ಲ.

ನೇರನುಡಿ

ಒಂದು ತಕರಾರಿದೆ. ಇಬ್ಬರೂ ಜಿಯೊಟ್ಟೊನನ್ನು ಸ್ವಲ್ಪ ಚಿಕ್ಕದು ಮಾಡುತ್ತಿದ್ದೀರಿ. ಅವನ ಮೇರಿಯ ಮುಂದೆ ನಿಂತಾಗ ಅವಳಿಗೆ ತೂಕ ಇದೆ ಅಂತ ಗೊತ್ತಾಗುತ್ತದೆ. ತುಟಿ ಸ್ವಲ್ಪ ತೆರೆದು ಹಲ್ಲು ಕಾಣುತ್ತದೆ. ಎದೆಯ ಮೇಲೆ ಬಟ್ಟೆ ಬಿಗಿದಿದೆ. ಒಂದು ಹೆಣ್ಣು ಅಲ್ಲಿ ಕೂತಿದ್ದಾಳೆ. ಚಿಮಾಬೂಯೆಯದು 1280ರ ದಶಕದ ಸುತ್ತಮುತ್ತ, ಜಿಯೊಟ್ಟೊದು 1300ರ ನಂತರದ್ದು. ಇಷ್ಟು ಕಡಿಮೆ ಕಾಲದಲ್ಲಿ ಅಷ್ಟು ದೂರ ಹೋದದ್ದು ಸಣ್ಣ ಮಾತಲ್ಲ. ಗೈಡ್ ಹೇಳಿದ್ದರಲ್ಲಿ ಅರ್ಧವಾದರೂ ಸತ್ಯ ಇದೆ.

ಬಂಗಾರದ ರೇಕು

ನೇರನುಡಿ ಅವರೇ, ಆ ಮಾತು ಒಪ್ಪುತ್ತೇನೆ. ಜಿಯೊಟ್ಟೊ ಮಾಡಿದ್ದು ದೊಡ್ಡದೇ. ನನ್ನ ಬೇಸರ ಇರುವುದು ‘ಜೀವ ಇಲ್ಲ’ ಅನ್ನುವ ಇನ್ನರ್ಧದ ಮೇಲೆ. ಅದನ್ನು ಜಾಸ್ತಿ ಹಬ್ಬಿಸಿದವನು ವಸಾರಿ. 1550ರಲ್ಲಿ ಮೊದಲು ಅಚ್ಚಾದ ಅವನ ಚಿತ್ರಕಾರರ ಚರಿತ್ರೆಯಲ್ಲಿ ಗ್ರೀಕ್ ರೀತಿ ಅಂದರೆ ಒರಟು, ಮೊದ್ದು. ಅದೇ ವಸಾರಿ ಆ ಕೋಣೆಯ ದೂಚೊ ಚಿತ್ರವನ್ನು ಚಿಮಾಬೂಯೆಯದು ಅಂದುಕೊಂಡಿದ್ದ. ಆ ಚಿತ್ರ ಮಾಡೋಕೆ ದೂಚೊ ಜೊತೆ ಆದ 1285ರ ಒಪ್ಪಂದದ ಪತ್ರ ಉಳಿದುಕೊಂಡಿರದಿದ್ದರೆ ನಾವೂ ಇನ್ನೂ ಹಾಗೇ ಅಂದುಕೊಳ್ಳುತ್ತಿದ್ದೆವೇನೋ.

ಚೆನ್ನೀನಿಯ ಮಾತು ಬೇರೆ ಥರ ಇದೆ. ಜಿಯೊಟ್ಟೊ ಚಿತ್ರಕಲೆಯನ್ನು ಗ್ರೀಕ್‌ನಿಂದ ಲ್ಯಾಟಿನ್‌ಗೆ ತಿರುಗಿಸಿದ ಅನ್ನುತ್ತಾನೆ. ಅನುವಾದಕ್ಕೆ ಹೇಳುವ ಮಾತು ಅದು. ಮೂಲವನ್ನು ಚೆನ್ನಾಗಿ ಬಲ್ಲವನು ಮಾತ್ರ ಅನುವಾದ ಮಾಡಬಲ್ಲ, ಅಲ್ವಾ?

ಹಾದಿಹೋಕ ಅವರು ‘ನನ್ನನ್ನೇ ನೋಡುತ್ತಿದ್ದಾಳೆ’ ಅಂದದ್ದಕ್ಕೆ ಬರುತ್ತೇನೆ. ನನಗೆ ಎಲ್ಲಕ್ಕಿಂತ ಮುಖ್ಯ ಅದೇ. ಆ ಚಿತ್ರದಲ್ಲಿ ಮೇರಿಯ ಬಲಗೈ ನೆನಪಿದೆಯಾ? ಮಗುವಿನ ಕಡೆ ತೋರಿಸುತ್ತದೆ. ಕಾನ್‌ಸ್ಟಾಂಟಿನೋಪಲ್‌ನ ಹೊದೆಗೊನ್ ಮಠದಲ್ಲಿ ಇಂಥ ಒಂದು ಐಕಾನ್ ಇತ್ತು. ಅದನ್ನು ಹೊದೆಗೇತ್ರಿಯಾ ಅನ್ನುತ್ತಿದ್ದರು, ದಾರಿ ತೋರಿಸುವವಳು ಅಂತ. ಸಂತ ಲೂಕನೇ ಕಣ್ಣಾರೆ ಕಂಡು ಬರೆದದ್ದು ಅನ್ನುವ ನಂಬಿಕೆ. 1453ರಲ್ಲಿ ನಗರ ಬಿದ್ದಾಗ ಅದು ನಾಶವಾಯಿತು, ಆದರೆ ಅದರ ಪ್ರತಿಗಳು, ಪ್ರತಿಗಳ ಪ್ರತಿಗಳು ಎಲ್ಲ ಕಡೆ ಹೋಗಿದ್ದವು. ಲುಕ್ಕಾದ ಬೆರ್ಲಿಂಗಿಯೇರೊ ಮಾಡಿದ ಒಂದು ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಈ ರೂಪದಲ್ಲಿ ಮೇರಿ ಮಗುವಿನ ಜೊತೆ ಆಟ ಆಡುವುದಿಲ್ಲ. ನಿಮ್ಮನ್ನು ನೋಡುತ್ತಾಳೆ, ಅವನನ್ನು ತೋರಿಸುತ್ತಾಳೆ. ಚಿತ್ರ ಪೂರ್ತಿಯಾಗಬೇಕಾದರೆ ಎದುರಿಗೆ ಒಬ್ಬರು ನಿಂತಿರಬೇಕು. ಅರ್ಧ ಗಂಟೆ ನೀವು ನಿಂತಿರಿ. ಅವಳು ನೋಡಿದಳು ಅಂತ ಅನ್ನಿಸಿದ್ದು ನಿಮ್ಮ ಭ್ರಮೆ ಅಲ್ಲ. ಅದಕ್ಕಾಗಿಯೇ ಮಾಡಿದ ಚಿತ್ರ ಅದು.

ಇಟಲಿಯವರು ಸೇರಿಸಿದ್ದೇನು ಅಂದರೆ ಗಾತ್ರ. ಚಿಮಾಬೂಯೆಯದು 385 ಸೆಂಟಿಮೀಟರ್ ಎತ್ತರ, ದೂಚೊದು 450. ದೂಚೊ ಹಲಗೆಯನ್ನು ಮಾಡಿಸಿದವರು ಸಾಂತಾ ಮರಿಯಾ ನೊವೆಲ್ಲಾ ಚರ್ಚಿನ ಒಂದು ಭಜನಾ ಸಂಘದವರು. ಅವಳ ಮುಂದೆ ಕೂಡಿ ಸ್ತುತಿ ಹಾಡುತ್ತಿದ್ದರು. ಇಡೀ ಗುಂಪಿಗೆ ಕಾಣಬೇಕಲ್ಲ!

ಬಂಗಾರದ ಬಗ್ಗೆ ಒಂದು ಸಂಗತಿ ಹೇಳದೆ ಬಿಡಲಾರೆ. ಪಾಪ್ಲರ್ ಹಲಗೆಗೆ ಅಂಟು ಹಚ್ಚಿ, ಹಳೆಯ ಲಿನನ್ ಬಟ್ಟೆ ಅಂಟಿಸಿ, ಅದರ ಮೇಲೆ ಜಿಪ್ಸಮ್ ಮತ್ತು ಅಂಟಿನ ಲೇಪ. ನಯವಾದ ಲೇಪವೇ ಕನಿಷ್ಠ ಎಂಟು ಸಲ ಬೇಕು ಅನ್ನುತ್ತಾನೆ ಚೆನ್ನೀನಿ. ನಾನು ಮೊದಲ ಸಲ ಲೇಪವನ್ನು ಜಾಸ್ತಿ ಬಿಸಿ ಮಾಡಿಬಿಟ್ಟೆ. ಸೂಜಿಮೊನೆಯಷ್ಟು ಗುಳ್ಳೆಗಳೆದ್ದವು. ಅವು ಬಂಗಾರ ಹಾಕಿದ ಮೇಲೂ ಕಾಣುತ್ತಿದ್ದವು. ಎಲ್ಲ ಕೆರೆದು ಮೊದಲಿಂದ ಶುರು ಮಾಡಿದೆ. ಲೇಪದ ಮೇಲೆ ಕೆಂಪು ಜೇಡಿಮಣ್ಣು, ಅದನ್ನು ಒದ್ದೆ ಮಾಡಿ ರೇಕು. ಆಮೇಲೆ ನಯವಾದ ಕಲ್ಲಿನಿಂದ ಉಜ್ಜಿ ಮಿರುಗಿಸುವುದು. ಆಗ ನಾಯಿಹಲ್ಲಿನಿಂದಲೂ ಉಜ್ಜುತ್ತಿದ್ದರು.

ಕೆಲಸ ಮುಗಿದ ದಿನ ನಮಗೆ ಕಲಿಸುತ್ತಿದ್ದ ಹಿರಿಯರು ಕಿಟಕಿ ಮುಚ್ಚಿ ಎರಡು ಮೇಣದ ಬತ್ತಿ ಹಚ್ಚಿದರು. ಹಗಲಿನಲ್ಲಿ ಗಟ್ಟಿ ಹಳದಿಯಾಗಿದ್ದ ಹಿನ್ನೆಲೆ ಒಂದು ಕಡೆಯಿಂದ ಕಪ್ಪಾಯಿತು, ಒಂದು ಹೆಜ್ಜೆ ಸರಿದರೆ ಬೆಂಕಿಯ ಹಾಗೆ ಹೊತ್ತಿಕೊಂಡಿತು. ಪ್ರಭಾವಳಿಯಲ್ಲಿ ಒತ್ತಿದ ಚುಕ್ಕೆಗಳು ಮಿಣುಕಿದವು. ಮುಖ ಮಾತ್ರ ಅಲುಗಾಡದೆ ನಿಂತಿತ್ತು. ಮ್ಯೂಸಿಯಂನ ಸಮ ಬೆಳಕಿನಲ್ಲಿ ಇದನ್ನು ನೋಡೋಕೆ ಆಗುವುದೇ ಇಲ್ಲ. ಬಿಗಿ, ಚಲನೆ ಇಲ್ಲ ಅನ್ನುವವರು ಮೇಣದ ಬತ್ತಿಯ ಮುಂದೆ ಒಂದು ಸಲ ನೋಡಬೇಕು ಅಂತ ನನ್ನ ಆಸೆ.

ಹಾದಿಹೋಕ

ಓದುತ್ತಾ ಓದುತ್ತಾ ಮೈ ಜುಮ್ ಅಂದಿತು. ಎಲ್ಲರಿಗೂ ತುಂಬಾ ಧನ್ಯವಾದ. ಇವತ್ತು ಬೆಳಗ್ಗೆ ಮತ್ತೆ ಟಿಕೆಟ್ ತೆಗೆದುಕೊಂಡು ಅದೇ ಕೋಣೆಗೆ ಹೋದೆ. ಮಂಡಿಯ ಮೇಲಿನ ಗೆರೆ ನೋಡಿದೆ. ಜಿಯೊಟ್ಟೊ ಮೇರಿಯ ಹಲ್ಲೂ ನೋಡಿದೆ, ನೇರನುಡಿ ಸರ್.

ಒಂದು ಸಂದೇಹ. ಇವೆಲ್ಲ ಚರ್ಚಿನ ದೊಡ್ಡ ಚಿತ್ರಗಳು. ಮನೆಯಲ್ಲಿ, ಒಬ್ಬರೇ ಕೂತು ಪ್ರಾರ್ಥನೆ ಮಾಡುವವರಿಗೆ ಏನಿತ್ತು? ಆಮೇಲೆ, ನಾಳಿದ್ದು ಸಿಯೆನಾಗೆ ಹೋಗುತ್ತಿದ್ದೇನೆ. ಅಲ್ಲಿ ಒಂದೇ ಒಂದು ಚಿತ್ರ ನೋಡು ಅಂದರೆ ಯಾವುದು?

ಚರಿತ್ರೆಪ್ರಿಯ

ಸಿಯೆನಾ ಬಗ್ಗೆ ಬಂಗಾರದ ರೇಕು ಮೇಡಂ ಹೇಳಲಿ. ನಾನು ಒಂದು ಮಾತು ಸೇರಿಸಿ ನಿಲ್ಲಿಸುತ್ತೇನೆ. ವಾಷಿಂಗ್ಟನ್‌ನ ನ್ಯಾಷನಲ್ ಗ್ಯಾಲರಿಯಲ್ಲಿ 13ನೇ ಶತಮಾನದ ಎರಡು ಮೇರಿ ಹಲಗೆಗಳಿವೆ. ಅವು ಕಾನ್‌ಸ್ಟಾಂಟಿನೋಪಲ್‌ನಲ್ಲಿ ಆದದ್ದಾ, ಇಟಲಿಯಲ್ಲಿ ಆದದ್ದಾ ಅನ್ನುವ ಬಗ್ಗೆ ವಿದ್ವಾಂಸರು ದಶಕಗಳಿಂದ ವಾದ ಮಾಡುತ್ತಿದ್ದಾರೆ. ಎರಡು ಕಡೆಯ ಕೈಗಳು ಅಷ್ಟು ಹತ್ತಿರ ಬಂದಿದ್ದವು.

ಬಂಗಾರದ ರೇಕು

ಮನೆಗೂ ಇದ್ದವು, ಚಿಕ್ಕವು. ಮೆಟ್ರೊಪಾಲಿಟನ್ ಮ್ಯೂಸಿಯಂ 2004ರಲ್ಲಿ ಕೊಂಡ ದೂಚೊನ ಒಂದು ಮೇರಿ ಇದೆ. ಸುಮಾರು 28 ಸೆಂಟಿಮೀಟರ್ ಎತ್ತರ, 21 ಅಗಲ. ಕೈಯಲ್ಲಿ ಹಿಡಿದು ನೋಡಬಹುದಾದಷ್ಟು. ಅದರ ಮೂಲ ಚೌಕಟ್ಟಿನ ಕೆಳಗಿನ ಅಂಚು ಸುಟ್ಟಿದೆ. ಯಾರೋ ಅದರ ಮುಂದೆ ಮೇಣದ ಬತ್ತಿ ಹಚ್ಚಿಟ್ಟು ಪ್ರಾರ್ಥನೆ ಮಾಡಿದ್ದಾರೆ, ಒಂದು ದಿನ ಅಲ್ಲ, ಎಷ್ಟೋ ದಿನ. ಅದರಲ್ಲಿ ಮಗು ಕೈ ಚಾಚಿ ಅಮ್ಮನ ಮುಸುಕನ್ನು ಸರಿಸುತ್ತಿದೆ, ಅವಳ ಮುಖ ನೋಡೋಕೆ. ಅವಳು ಮುಂದಾಗುವುದು ತಿಳಿದವಳ ಹಾಗೆ ಸೊರಗಿದ್ದಾಳೆ. ಆ ದುಃಖ ಗ್ರೀಕ್ ಐಕಾನ್‌ಗಳದ್ದು, ಆ ಪುಟ್ಟ ಕೈ ದೂಚೊದು. ನನಗೆ ಎರಡನ್ನೂ ಬಿಡಿಸಿ ನೋಡೋಕೆ ಆಗುವುದಿಲ್ಲ.

ಚಿಮಾಬೂಯೆಯ ಒಂದು ಪುಟ್ಟ ಹಲಗೆಯಂತೂ ಫ್ರಾನ್ಸ್‌ನ ಕಾಂಪ್ಯೆನ್ಯ್‌ನಲ್ಲಿ ಒಬ್ಬ ವೃದ್ಧೆಯ ಅಡುಗೆಮನೆಯಲ್ಲಿ, ಒಲೆಯ ಮೇಲ್ಗಡೆ ನೇತಾಡುತ್ತಿತ್ತು. ಹಳೇ ಐಕಾನ್ ಅಂದುಕೊಂಡಿದ್ದರು. 2019ರಲ್ಲಿ ಅದು ಏನಂತ ಗೊತ್ತಾಯಿತು. ಈಗ ಲೂವ್ರ್ ಮ್ಯೂಸಿಯಂನಲ್ಲಿದೆ. ಐಕಾನ್ ಅಂದುಕೊಂಡದ್ದು ಅವರ ತಪ್ಪು ಅಂತ ನನಗೆ ಅನ್ನಿಸುವುದೇ ಇಲ್ಲ.

ಸಿಯೆನಾದಲ್ಲಿ ಎಲ್ಲರೂ ದೂಚೊನ ಮಯೆಸ್ತಾ (ಸಿಂಹಾಸನದ ಮೇಲೆ ಕೂತ ಮೇರಿಯ ಚಿತ್ರ) ನೋಡಿ ಅನ್ನುತ್ತಾರೆ. ನೋಡಿ, ಖಂಡಿತ ನೋಡಿ. 1311ರ ಜೂನ್ 9ರಂದು ಅದನ್ನು ಮೆರವಣಿಗೆಯಲ್ಲಿ ಕ್ಯಾಥೆಡ್ರಲ್‌ಗೆ ಹೊತ್ತುಕೊಂಡು ಹೋದರು. ಆದರೆ ಒಂದೇ ಒಂದು ಅಂದರೆ ನಾನು ಸಾಂತಾ ಮರಿಯಾ ದೇಯಿ ಸೆರ್ವಿ ಚರ್ಚಿಗೆ ಕಳಿಸುತ್ತೇನೆ. ಅಲ್ಲಿ ಫ್ಲಾರೆನ್ಸ್‌ನ ಕೊಪ್ಪೊ ದಿ ಮಾರ್ಕೊವಾಲ್ದೊ 1261ರಲ್ಲಿ ಬರೆದ ಮೇರಿ ಇದ್ದಾಳೆ. ಹಿಂದಿನ ವರ್ಷ ಮೊಂತಪೆರ್ತಿ ಯುದ್ಧದಲ್ಲಿ ಸಿಯೆನಾದವರು ಫ್ಲಾರೆನ್ಸ್ ಸೈನ್ಯವನ್ನು ಸೋಲಿಸಿದ್ದರು. ಕೊಪ್ಪೊ ಸೆರೆಯಾಗಿ ಬಂದವನು, ಬಿಡುಗಡೆಗಾಗಿ ಇದನ್ನು ಮಾಡಿಕೊಟ್ಟ ಅಂತ ಹೇಳುತ್ತಾರೆ.

ಹತ್ತಿರ ಹೋದಾಗ ಮೊದಲು ಮುಖ ನೋಡಬೇಡಿ. ಮೇರಿಯ ಮುಖ, ಮಗುವಿನ ಮುಖ ಎರಡನ್ನೂ 14ನೇ ಶತಮಾನದ ಶುರುವಿನಲ್ಲಿ ಬೇರೆಯವರು ದೂಚೊ ರೀತಿಯಲ್ಲಿ ಮತ್ತೆ ಬರೆದಿದ್ದಾರೆ. ಕೊಪ್ಪೊ ಬರೆದ ಮುಖ ಕೆಳಗೇ ಇದೆ, ಎಕ್ಸ್‌ರೇಯಲ್ಲಿ ಕಾಣುತ್ತದೆ. ಅವಳನ್ನು ಜನ ಹಳೆಯದಾಯಿತು ಅಂತ ಬಿಸಾಡಲಿಲ್ಲ. ಮುಖ ಮಾತ್ರ ಹೊಸದು ಮಾಡಿಕೊಂಡು ಅವಳ ಮುಂದೆಯೇ ಪ್ರಾರ್ಥಿಸುತ್ತಾ ಹೋದರು. ನೀವು ಕಣ್ಣು ಕೆಳಗಿಳಿಸಿ, ಬಟ್ಟೆಯ ಮೇಲೆ. ಅಲ್ಲಿ ಬಂಗಾರದ ಗೆರೆಗಳಿವೆ, ಕೊಪ್ಪೊನ ಕೈಯವೇ. ಅವನ್ನು ಹಿಡಿದುಕೊಂಡು ಮೆಲ್ಲಗೆ ಮೇಲಕ್ಕೆ ಬಂದರೆ ಕುತ್ತಿಗೆಯ ಹತ್ತಿರ ಕೈ ಬದಲಾಗುವುದು ನಿಮಗೇ ಗೊತ್ತಾಗುತ್ತದೆ. ನೋಡಿ ಬಂದು ಇಲ್ಲಿ ಬರೆಯಿರಿ, ಕಾಯುತ್ತಿರುತ್ತೇನೆ.